ಓದುಗರ ಪ್ರಶ್ನೆಗೆ ಉತ್ತರ: ವೈದ್ಯಕೀಯ ಸಂಶೋಧನೆಯಲ್ಲಿ ಒಗ್ಗದ ವಿಚಾರಕ್ಕೆ ಜಾಗವೆಷ್ಟು?

ರೂಢಿಗೆ ವಿರುದ್ಧವಾದ ವಿಚಾರಗಳನ್ನು ವೈದ್ಯಕೀಯ ಸಂಶೋಧನಾ ವಲಯ ಹೇಗೆ ನಡೆಸಿಕೊಳ್ಳುತ್ತದೆ ಎಂದು ಕೇಳಿ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ, ಉದ್ದದವನ್ನು ಮೊಟಕುಗೊಳಿಸಿ ಇಲ್ಲಿ ಉತ್ತರಿಸಿದ್ದೇವೆ.

ಅಲ್ಸರ್‌ಗೆ ಬ್ಯಾಕ್ಟೀರಿಯಾ ಕಾರಣ ಎಂದ ಆಸ್ಟ್ರೇಲಿಯಾದ ವೈದ್ಯರನ್ನು ಎಲ್ಲರೂ ಹಂಗಿಸಿದರು, ಕೊನೆಗೆ ಅವರು ಆ ಬ್ಯಾಕ್ಟೀರಿಯಾವನ್ನೇ ಕುಡಿದು ತೋರಿಸಿದ ಮೇಲೆ ಒಪ್ಪಿದರು ಎಂದು ಓದಿದ್ದೇನೆ. ನಡೆದದ್ದು ಹೀಗೆಯೇ?
— ನಿವೃತ್ತ ಶಿಕ್ಷಕರೊಬ್ಬರು

ಕುಡಿದದ್ದು ನಿಜ. ಕುಡಿದದ್ದರಿಂದ ಜಗತ್ತು ಒಪ್ಪಿತು ಎನ್ನುವುದು ನಿಜವಲ್ಲ.

ರಾಯಲ್ ಪರ್ತ್ ಆಸ್ಪತ್ರೆಯ ಪೆಥಾಲಜಿಸ್ಟ್ ರಾಬಿನ್ ವಾರೆನ್ 1979ರಲ್ಲಿ ಜಠರದ ಬಯಾಪ್ಸಿಗಳಲ್ಲಿ, ಅಂದರೆ ಪರೀಕ್ಷೆಗೆಂದು ತೆಗೆದ ಅಂಗಾಂಶದ ಚೂರುಗಳಲ್ಲಿ, ಬಾಗಿದ ಆಕಾರದ ಬ್ಯಾಕ್ಟೀರಿಯಾಗಳನ್ನು ಕಂಡರು. ದಿನಬಳಕೆಯ ಬಣ್ಣದಲ್ಲಿ ಅವು ಕಂಡೂ ಕಾಣದಂತಿದ್ದವು. ಬೆಳ್ಳಿಯ ಲವಣ ಬಳಸುವ ವಾರ್ತಿನ್–ಸ್ಟಾರಿ ಬಣ್ಣ ಹಾಕಿದಾಗ ಕಪ್ಪಗೆ ಎದ್ದು ಕಂಡವು. 1981ರಲ್ಲಿ, ಇನ್ನೂ ತರಬೇತಿಯಲ್ಲಿದ್ದ ಬ್ಯಾರಿ ಮಾರ್ಷಲ್ ಜೊತೆಯಾದರು. ನೂರು ರೋಗಿಗಳ ಬಯಾಪ್ಸಿ ತೆಗೆದು ಬ್ಯಾಕ್ಟೀರಿಯಾ ಬೆಳೆಸಲು ಹೊರಟರೆ ಮೊದಮೊದಲು ಏನೂ ಬೆಳೆಯಲಿಲ್ಲ. ಲ್ಯಾಬಿನ ವಾಡಿಕೆಯಂತೆ ಎರಡು ದಿನ ನೋಡಿ ಪ್ಲೇಟುಗಳನ್ನು ಎಸೆದುಬಿಡುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ಎಸೆಯುವವರಿಲ್ಲದೆ ಪ್ಲೇಟುಗಳು ಇನ್‌ಕ್ಯುಬೇಟರಿನಲ್ಲೇ ಐದು ದಿನ ಉಳಿದವು, ಕಾಲೊನಿಗಳು ಮೂಡಿದವು. ಕಡಿಮೆ ಆಮ್ಲಜನಕದಲ್ಲಿ ನಿಧಾನವಾಗಿ ಬೆಳೆಯುವ ಜೀವಿ ಅದು. ಆ ನೂರು ಮಂದಿಯಲ್ಲಿ ಡುಯೋಡಿನಮ್‌ನಲ್ಲಿ, ಅಂದರೆ ಸಣ್ಣಕರುಳಿನ ಮೊದಲ ಭಾಗದಲ್ಲಿ, ಹುಣ್ಣಾಗಿದ್ದವರು 13 ಜನ. ಹದಿಮೂರೂ ಜನರಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು.

ಈಗ ಆಕ್ಷೇಪಗಳನ್ನು ನೋಡಿ. 1954ರಲ್ಲಿ ಅಮೆರಿಕದ ಪಾಮರ್ ಎಂಬ ವೈದ್ಯರು ಸಾವಿರಕ್ಕೂ ಹೆಚ್ಚು ಜಠರದ ಬಯಾಪ್ಸಿ ಪರೀಕ್ಷಿಸಿ ಬ್ಯಾಕ್ಟೀರಿಯಾ ಇಲ್ಲ ಎಂದಿದ್ದರು. ಅವರು ಬೆಳ್ಳಿಯ ಬಣ್ಣ ಬಳಸಿರಲಿಲ್ಲ. ಹುಣ್ಣಾದ ಮೇಲೆ ಬ್ಯಾಕ್ಟೀರಿಯಾ ಬಂದು ಸೇರಿಕೊಂಡಿರಬಹುದಲ್ಲ ಎಂದು ಕೆಲವರು ಕೇಳಿದರು. ಬ್ಯಾಕ್ಟೀರಿಯಾ ಇದ್ದೂ ಹುಣ್ಣಿಲ್ಲದವರು ಬೇಕಾದಷ್ಟು ಮಂದಿ ಇದ್ದಾರಲ್ಲ ಎಂದು ಇನ್ನು ಕೆಲವರು ಕೇಳಿದರು. ಇವು ದ್ವೇಷದ ಮಾತುಗಳಲ್ಲ, ಪರೀಕ್ಷೆ ಮಾಡಿ ಉತ್ತರಿಸಬಹುದಾದ ಪ್ರಶ್ನೆಗಳು. ಆಸ್ಟ್ರೇಲಿಯಾದ ಒಂದು ಸಮ್ಮೇಳನ 1983ರಲ್ಲಿ ಮಾರ್ಷಲ್ ಅವರ ಪ್ರಬಂಧದ ಸಾರಾಂಶವನ್ನು ತಿರಸ್ಕರಿಸಿತು, ಹೌದು. ಆದರೆ ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆ ಇಬ್ಬರ ಪತ್ರಗಳನ್ನೂ ಪ್ರಕಟಿಸಿತು, 1984ರಲ್ಲಿ ಪೂರ್ಣ ಲೇಖನವನ್ನೂ ಹಾಕಿತು.

ಮಾರ್ಷಲ್ ಬ್ಯಾಕ್ಟೀರಿಯಾ ಬೆಳೆಸಿದ ದ್ರವ ಕುಡಿದದ್ದು 1984ರಲ್ಲಿ. ಅವರಿಗೆ ಆದದ್ದು ಜಠರದ ಉರಿಯೂತ, ಹುಣ್ಣಾಗಲಿಲ್ಲ. ಒಬ್ಬರ ಮೇಲಿನ ಪ್ರಯೋಗ ಅದಕ್ಕಿಂತ ಹೆಚ್ಚು ಹೇಳಲಾರದು. ನಿಜವಾಗಿ ತೀರ್ಪು ಕೊಟ್ಟದ್ದು ‘ಬ್ಯಾಕ್ಟೀರಿಯಾ ಕೊಂದರೆ ಹುಣ್ಣು ಮತ್ತೆ ಬರುತ್ತದೆಯೇ’ ಎಂದು ನೋಡಿದ ಟ್ರಯಲ್‌ಗಳು. 1993ರಲ್ಲಿ ಪ್ರಕಟವಾದ ಆಸ್ಟ್ರಿಯಾದ ಟ್ರಯಲ್‌ನಲ್ಲಿ 104 ರೋಗಿಗಳಿದ್ದರು. ಎಲ್ಲರಿಗೂ ಆಮ್ಲ ತಗ್ಗಿಸುವ ರಾನಿಟಿಡೀನ್ ಕೊಟ್ಟರು. ಅರ್ಧ ಮಂದಿಗೆ ಅದರ ಜೊತೆ ಎರಡು ಆ್ಯಂಟಿಬಯಾಟಿಕ್, ಉಳಿದವರಿಗೆ ಪ್ಲಸೀಬೊ, ಅಂದರೆ ಔಷಧವಿಲ್ಲದ ತೋರಿಕೆಯ ಗುಳಿಗೆ. ಒಂದು ವರ್ಷದೊಳಗೆ ಹುಣ್ಣು ಮರುಕಳಿಸಿದ್ದು ಆ್ಯಂಟಿಬಯಾಟಿಕ್ ಗುಂಪಿನಲ್ಲಿ 8%, ಇನ್ನೊಂದರಲ್ಲಿ 86%. ಮರುವರ್ಷವೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಎನ್ಐಎಚ್, ಕರೆದ ತಜ್ಞರ ಸಭೆ ಆ್ಯಂಟಿಬಯಾಟಿಕ್ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ನೊಬೆಲ್ ಬಂದದ್ದು 2005ರಲ್ಲಿ.

1984ರಲ್ಲೇ ನಂಬಲಿಲ್ಲ ಎಂದು ಯಾರನ್ನೂ ದೂರಲಾಗದು. ಅಂಥ ಟ್ರಯಲ್‌ಗಳು ಇನ್ನೂ ಬೇಗ, ಇನ್ನೂ ಹೆಚ್ಚು ನಡೆಯಬೇಕಿತ್ತು ಎಂಬುದು ಮಾತ್ರ ನ್ಯಾಯವಾದ ದೂರು. ಒಂದೇ ಆ್ಯಂಟಿಬಯಾಟಿಕ್‌ಗೆ ಈ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ, ಎರಡು ಮೂರು ಔಷಧ ಕೂಡಿಸಬೇಕು. ಸರಿಯಾದ ಜೋಡಿ ಹುಡುಕಲು ಸಮಯ ಹಿಡಿಯಿತು. ಜೊತೆಗೆ, ವರ್ಷಗಟ್ಟಲೆ ನುಂಗಬೇಕಾದ ಆಮ್ಲನಿರೋಧಕಗಳು ಆಗ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಔಷಧಗಳ ಸಾಲಿನಲ್ಲಿದ್ದವು. ಎರಡು ವಾರದಲ್ಲಿ ಮುಗಿಯುವ ಅಗ್ಗದ ಚಿಕಿತ್ಸೆಯನ್ನು ಒರೆಗೆ ಹಚ್ಚಲು ಹಣ ಸುರಿಯುವವರು ಕಡಿಮೆಯಿದ್ದರು.

ಹಾಗಾದರೆ ಈ ವಲಯ ಎಲ್ಲವನ್ನೂ ಇಷ್ಟೇ ಬಿಗಿಯಾಗಿ ಪರೀಕ್ಷಿಸುತ್ತದೆಯೇ? ಸುಲಭವಾಗಿ ಒಪ್ಪಿ ಮೋಸಹೋದದ್ದಿಲ್ಲವೇ?
— ವಿಜ್ಞಾನ ಪದವಿ ವಿದ್ಯಾರ್ಥಿ

ಇದೆ, ಅದೂ ಇದೇ ಅಲ್ಸರ್ ವಿಷಯದಲ್ಲೇ. 1962ರಲ್ಲಿ ಅಮೆರಿಕದ ಹೆಸರಾಂತ ಸರ್ಜನ್ ಓವೆನ್ ವಾಂಗೆನ್‌ಸ್ಟೀನ್, ರೋಗಿಯ ಜಠರದೊಳಗೆ ಬಲೂನು ಇಳಿಸಿ ಅದರಲ್ಲಿ ಕೊರೆಯುವಷ್ಟು ತಂಪಾದ ಆಲ್ಕೊಹಾಲ್ ಹರಿಸಿದರೆ ಆಮ್ಲ ಸುರಿಸುವ ಕೋಶಗಳು ಅಡಗುತ್ತವೆ ಎಂದರು. ಹೇಳಿದವರು ದೊಡ್ಡವರು, ಆಮ್ಲವೇ ಮೂಲ ಎಂಬ ಆಗಿನ ನಂಬಿಕೆಗೆ ವಿಚಾರ ಒಪ್ಪುತ್ತಿತ್ತು. ಯಂತ್ರಗಳು ಆಸ್ಪತ್ರೆಗಳಿಗೆ ಬಂದವು, ಸಾವಿರಾರು ಜನ ಆ ಬಲೂನು ನುಂಗಿದರು. 1969ರಲ್ಲಿ 160 ರೋಗಿಗಳ ಡಬಲ್ ಬ್ಲೈಂಡ್ ಟ್ರಯಲ್ ಬಂತು, ಅಂದರೆ ಯಾರು ಯಾವ ಗುಂಪಿನವರೆಂದು ರೋಗಿಗೂ ಫಲ ಅಳೆಯುವವರಿಗೂ ತಿಳಿಯದಂತೆ ನಡೆಸಿದ್ದು. ಅರ್ಧದಷ್ಟು ಜನರಿಗೆ ಬಲೂನು ಇಳಿಸಿಯೂ ಹೆಪ್ಪುಗಟ್ಟಿಸಿರಲಿಲ್ಲ. ಎರಡೂ ಗುಂಪಿನ ಫಲ ಹೆಚ್ಚುಕಡಿಮೆ ಒಂದೇ.

ಇನ್ನೊಂದು ಉದಾಹರಣೆ ಇದಕ್ಕಿಂತ ನೋವಿನದು. ಹೃದಯಾಘಾತವಾದವರಲ್ಲಿ ಬಡಿತ ತಪ್ಪುವುದು ಸಾವಿನ ಮುನ್ಸೂಚನೆ. ಆದ್ದರಿಂದ ತಪ್ಪಿದ ಬಡಿತವನ್ನು ಔಷಧದಿಂದ ಅಡಗಿಸಿದರೆ ಸಾವು ತಗ್ಗಬೇಕು ಎಂದು ಎಲ್ಲರೂ ನಂಬಿದ್ದರು. ಕ್ಯಾಸ್ಟ್ ಎಂಬ ಟ್ರಯಲ್ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಔಷಧಗಳನ್ನು ಪ್ಲಸೀಬೊ ಜೊತೆ ಹೋಲಿಸಿತು. 1991ರ ವರದಿಯ ಲೆಕ್ಕ ಹೀಗಿದೆ: ಔಷಧ ಪಡೆದ 755 ಜನರಲ್ಲಿ ಸತ್ತವರು 63, ಪ್ಲಸೀಬೊ ಪಡೆದ 743 ಜನರಲ್ಲಿ 26. ಬಡಿತ ಸರಿಹೋಯಿತು, ರೋಗಿ ಉಳಿಯಲಿಲ್ಲ. ತನ್ನ ಸಿದ್ಧಾಂತಕ್ಕೆ ಒಗ್ಗುವ ವಿಚಾರ ಬಂದಾಗ ಈ ವಲಯ ಮಣೆ ಹಾಕಿ ಕೂರಿಸುತ್ತದೆ. ಅಲ್ಲಿ ಬೇಕಾಗಿದ್ದ ಅನುಮಾನ ಅಲ್ಲಿರುವುದಿಲ್ಲ.

ಸೆಮ್ಮೆಲ್‌ವೈಸ್ ಕೈತೊಳೆಯಿರಿ ಎಂದಷ್ಟೇ ಹೇಳಿದ್ದು. ಅಷ್ಟು ಸ್ಪಷ್ಟ ಅಂಕಿಅಂಶವಿದ್ದೂ ಯಾಕೆ ಒಪ್ಪಲಿಲ್ಲ?
— ನರ್ಸಿಂಗ್ ಬೋಧಕಿ

ಅಂಕಿಗಳು ಸ್ಪಷ್ಟವಾಗಿದ್ದವು. ವಿಯೆನ್ನಾದ ಹೆರಿಗೆ ಆಸ್ಪತ್ರೆಯ ಮೊದಲ ವಿಭಾಗದಲ್ಲಿ 1847ರ ಏಪ್ರಿಲ್‌ನಲ್ಲಿ ಬಾಣಂತಿಯರ ಸಾವು 18.3%. ಶವಪರೀಕ್ಷೆ ಮುಗಿಸಿ ಬರುವ ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆಯಬೇಕೆಂಬ ನಿಯಮವನ್ನು ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್ ತಂದ ಮೇಲೆ ಜೂನ್‌ನಲ್ಲಿ 2.2%, ಜುಲೈನಲ್ಲಿ 1.2%. ಆದರೆ ಕೈಗೆ ಅಂಟುವುದು ಏನು ಎಂದು ತೋರಿಸಲು ರೋಗಾಣು ಸಿದ್ಧಾಂತ ಇನ್ನೂ ಬಂದಿರಲಿಲ್ಲ. ಒಂದು ರೋಗಕ್ಕೆ ಹಲವು ಕಾರಣಗಳಿರುತ್ತವೆ ಎಂದು ಕಲಿತವರಿಗೆ ‘ಇದೊಂದೇ ಕಾರಣ’ ಎಂಬ ಮಾತು ಹಿಡಿಸಲಿಲ್ಲ. ತಮ್ಮ ಕೈಯೇ ತಾಯಂದಿರನ್ನು ಕೊಂದಿತು ಎಂದು ಒಪ್ಪಿಕೊಳ್ಳುವ ಸಂಕಟ ಬೇರೆ. ಅದನ್ನು ಹಗುರವಾಗಿ ಎಣಿಸಬಾರದು.

ಸೆಮ್ಮೆಲ್‌ವೈಸ್ ತಮ್ಮ ಕೆಲಸವನ್ನು ತಾವೇ ಬರೆಯಲು ಬಹಳ ತಡಮಾಡಿದರು. ಮೊದಲು ಬರೆದವರು ಅವರ ಗೆಳೆಯರು. ಅವರ ಪುಸ್ತಕ ಬಂದದ್ದು 14 ವರ್ಷಗಳ ನಂತರ, 1861ರಲ್ಲಿ. ಒಪ್ಪದವರಿಗೆ ಬಹಿರಂಗ ಪತ್ರ ಬರೆದು ಕೊಲೆಗಾರರೆಂದು ಕರೆದರು. ಕ್ಲೋರಿನ್ ನೀರನ್ನು ಬಿಟ್ಟು ಬರಿಯ ಸಾಬೂನಿನಲ್ಲಿ ತೊಳೆದರೆ ಏನಾಗುತ್ತದೆ, ಎಷ್ಟು ಹೊತ್ತು ತೊಳೆಯಬೇಕು ಎಂಬ ವಿವರ ಬೇರೆ ಊರಿನ ವೈದ್ಯರಿಗೆ ಸಮಯಕ್ಕೆ ಮುಟ್ಟಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು ಎಂದು ನಮ್ಮ ನಂಬಿಕೆ.

ಎರಡು ಟ್ರಯಲ್‌ಗಳ ಗಾತ್ರ, ಗುಣಮಟ್ಟ ಒಂದೇ. ಎರಡರಲ್ಲೂ ಪಿ ವ್ಯಾಲ್ಯೂ, ಅಂದರೆ ಪರಿಣಾಮವೇ ಇಲ್ಲದಿದ್ದರೂ ಇಂಥ ಫಲ ಆಕಸ್ಮಿಕವಾಗಿ ಕಾಣುವ ಸಾಧ್ಯತೆ, 0.05ಕ್ಕಿಂತ ಕಡಿಮೆ. ಒಪ್ಪಿತ ವಿಚಾರದ್ದನ್ನು ನಂಬುತ್ತಾರೆ, ಹೊಸದನ್ನು ‘ಇನ್ನೊಮ್ಮೆ ಮಾಡಿ’ ಎನ್ನುತ್ತಾರೆ. ಇದು ಪಕ್ಷಪಾತವಲ್ಲವೇ?
— ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿ

ಲೆಕ್ಕ ಹಾಕಿ ನೋಡೋಣ. ಟ್ರಯಲ್‌ನ ಪವರ್, ಅಂದರೆ ನಿಜವಾದ ಪರಿಣಾಮವನ್ನು ಹಿಡಿಯುವ ಸಾಧ್ಯತೆ, 80%, ಸುಳ್ಳು ಫಲ ಬರುವ ಸಾಧ್ಯತೆ 5% ಎಂದಿಟ್ಟುಕೊಳ್ಳಿ. ಒಪ್ಪಿತ ಸಿದ್ಧಾಂತದಿಂದ ಹುಟ್ಟಿದ 1,000 ವಿಚಾರಗಳಲ್ಲಿ 500 ನಿಜವಾಗಿದ್ದರೆ ಟ್ರಯಲ್‌ಗಳು 400 ನಿಜವನ್ನು ಹಿಡಿಯುತ್ತವೆ, 25 ಸುಳ್ಳನ್ನೂ ನಿಜವೆನ್ನುತ್ತವೆ. ಅಂದರೆ ‘ಗೆದ್ದ’ವುಗಳಲ್ಲಿ 94% ನಿಜ. ರೂಢಿಗೆ ವಿರುದ್ಧವಾದ 1,000 ವಿಚಾರಗಳಲ್ಲಿ 10 ಮಾತ್ರ ನಿಜವಾಗಿದ್ದರೆ? ಹಿಡಿಯುವ ನಿಜ 8, ನಿಜವೆನಿಸುವ ಸುಳ್ಳು ಸುಮಾರು 50. ಗೆದ್ದವುಗಳಲ್ಲಿ ನಿಜವಾದದ್ದು 14% ಮಾತ್ರ. ಪಿ ವ್ಯಾಲ್ಯೂ ಎರಡೂ ಕಡೆ ಒಂದೇ, ಅದರ ತೂಕ ಬೇರೆ.

ಗೆದ್ದ ಆ 58ನ್ನು ಬೇರೆ ತಂಡ, ಬೇರೆ ರೋಗಿಗಳ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರೆ 14% ಇದ್ದದ್ದು 72%ಕ್ಕೆ ಏರುತ್ತದೆ. ಮೂರನೆಯ ಸಲಕ್ಕೆ 97% ದಾಟುತ್ತದೆ. ಆದ್ದರಿಂದ ‘ಇನ್ನೊಮ್ಮೆ ಮಾಡಿ’ ಎನ್ನುವುದು ನ್ಯಾಯ. ಹಾಗೆಂದು ಹೇಳಿದವರೇ ಇನ್ನೊಮ್ಮೆ ಮಾಡಲು ಹಣ ಕೊಡದಿದ್ದರೆ ಅದು ಅನ್ಯಾಯ. ನಂಬುವ ಹಂತದಲ್ಲಿ ಬಿಗಿಯಾಗಿರಬೇಕು, ಪರೀಕ್ಷಿಸುವ ಹಂತದಲ್ಲಿ ಉದಾರವಾಗಿರಬೇಕು. ಈಗಿನ ವ್ಯವಸ್ಥೆ ಎಷ್ಟೋ ಕಡೆ ಇದನ್ನು ತಿರುವುಮುರುವು ಮಾಡಿಕೊಂಡಿದೆ. ‘ಸಾವಿರದಲ್ಲಿ ಹತ್ತು’ ಎಂಬ ಅಂದಾಜೂ ಪರಿಣತರ ಊಹೆಯೇ ಎಂಬುದನ್ನು ಮರೆಯಬೇಡಿ. ಊಹೆ ತಪ್ಪಿದ್ದರೆ ಇಡೀ ಲೆಕ್ಕ ಬದಲಾಗುತ್ತದೆ.

ನನ್ನ ಅನುದಾನದ ಅರ್ಜಿ ಪ್ರತಿಸಲ ‘ವಿಚಾರ ಕುತೂಹಲಕರ, ಪ್ರಾಥಮಿಕ ದತ್ತಾಂಶ ಸಾಲದು’ ಎಂದು ಹಿಂದಿರುಗುತ್ತಿದೆ. ಹಣವಿಲ್ಲದೆ ದತ್ತಾಂಶ ಎಲ್ಲಿಂದ ತರಲಿ? ಕರುಳಿನ ಬ್ಯಾಕ್ಟೀರಿಯಾದಲ್ಲಿನ ಬದಲಾವಣೆ ಒಂದು ಬಗೆಯ ಸಂಧಿವಾತಕ್ಕೆ ಕಾರಣ ಎಂಬುದು ನನ್ನ ವಾದ.
— ಸಂಶೋಧನಾ ವಿದ್ಯಾರ್ಥಿನಿ

ಮೊದಲು ಅರ್ಜಿಗಳನ್ನು ಪರಿಶೀಲಿಸುವ ಕೋಣೆಯೊಳಗೆ ಏನಾಗುತ್ತದೆ ಎಂದು ತಿಳಿದುಕೊಳ್ಳಿ. ಎನ್ಐಎಚ್ ಮಾದರಿಯಲ್ಲಿ ಒಂದು ಅರ್ಜಿಯನ್ನು ಸಾಮಾನ್ಯವಾಗಿ ಮೂವರು ಓದಿ 1ರಿಂದ 9ರವರೆಗೆ ಅಂಕ ಕೊಡುತ್ತಾರೆ, 1 ಅತ್ಯುತ್ತಮ. ಕೆಳಗಿನ ಅರ್ಧದಷ್ಟು ಅರ್ಜಿಗಳು ಸಭೆಯಲ್ಲಿ ಚರ್ಚೆಗೇ ಬರುವುದಿಲ್ಲ. ಇಬ್ಬರು ಮೆಚ್ಚಿ 1 ಮತ್ತು 2 ಕೊಟ್ಟು, ಒಬ್ಬರು 7 ಕೊಟ್ಟರೆ ಸರಾಸರಿ 3.3. ಯಾರಿಗೂ ಬೇಡವೆನಿಸದ, ಯಾರನ್ನೂ ಸೆಳೆಯದ ಅರ್ಜಿಗೆ 3, 3, 3 ಸಿಕ್ಕಿ ಅದು ಮುಂದೆ ಹೋಗುತ್ತದೆ. ಒಗ್ಗದ ವಿಚಾರ ಸಾಯುವುದು ಬಹುಪಾಲು ಈ ಸರಾಸರಿಯಲ್ಲಿ. ಅಮೆರಿಕದಲ್ಲಿ 142 ಪರಿಣತರಿಗೆ 15 ಸಂಶೋಧನಾ ಪ್ರಸ್ತಾವ ಕೊಟ್ಟು ನೋಡಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೀರ ಹೊಸತಾದ ಪ್ರಸ್ತಾವಗಳಿಗೆ ಕಡಿಮೆ ಅಂಕ ಬಂತು. ಪರಿಶೀಲಕರು ತಮ್ಮದೇ ಕ್ಷೇತ್ರಕ್ಕೆ ಹತ್ತಿರವಾದವಕ್ಕೂ ಕಡಿಮೆ ಅಂಕ ಕೊಟ್ಟರು. ಹಾಗಾಗಿ ನಿಮ್ಮ ಕೆಲಸ ಇಬ್ಬರನ್ನು ಮೆಚ್ಚಿಸುವುದಕ್ಕಿಂತ ಹೆಚ್ಚಾಗಿ ಆ 7 ಕೊಡುವವರ ಆಕ್ಷೇಪವನ್ನು ಅರ್ಜಿಯಲ್ಲೇ ಎತ್ತಿ ಉತ್ತರಿಸುವುದು. ಅದಕ್ಕೆ ಒಂದು ಪುಟ ಮೀಸಲಿಡಿ.

ಇಡೀ ವಿಚಾರಕ್ಕೆ ಹಣ ಕೇಳಬೇಡಿ. ‘ಕಾರಣ’ ಎನ್ನಬೇಕಾದರೆ ಬದಲಾವಣೆ ರೋಗಕ್ಕಿಂತ ಮೊದಲೇ ಕಾಣಿಸಬೇಕು. ಇದು ನಿಮ್ಮ ವಾದವನ್ನು ಮುಳುಗಿಸಬಲ್ಲ ಅತಿ ಅಗ್ಗದ ಪರೀಕ್ಷೆ, ಇದರಿಂದಲೇ ಶುರುಮಾಡಿ. ರೋಗ ಬರುವ ಮೊದಲೇ ಸಂಗ್ರಹಿಸಿ ಮೈನಸ್ 80 ಡಿಗ್ರಿಯಲ್ಲಿಟ್ಟ ಮಾದರಿಗಳು ದೊಡ್ಡ ದೀರ್ಘಾವಧಿ ಅಧ್ಯಯನಗಳ ಬಳಿ ಇರುತ್ತವೆ. ಮುಂದೆ ರೋಗ ಬಂದವರ, ಬಾರದವರ ಮಾದರಿಗಳನ್ನು ವಯಸ್ಸು, ಲಿಂಗ, ಸಂಗ್ರಹಿಸಿದ ವರ್ಷ ಹೊಂದಿಸಿ ಕೇಳಿ ಪಡೆಯಬಹುದು.

ಇಲ್ಲಿ ಎಡವುವ ಜಾಗಗಳಿವೆ. ರೋಗಿಗಳ ಮಾದರಿಗಳನ್ನು ಒಂದು ದಿನ, ಉಳಿದವರದ್ದನ್ನು ಇನ್ನೊಂದು ದಿನ ಸಂಸ್ಕರಿಸಿದರೆ ಕಾಣುವ ವ್ಯತ್ಯಾಸ ಯಂತ್ರದ್ದೋ ರೋಗದ್ದೋ ಯಾರೂ ಹೇಳಲಾರರು. ಎರಡೂ ಗುಂಪಿನ ಮಾದರಿಗಳನ್ನು ಒಂದೇ ಪ್ಲೇಟಿನ ಬೇರೆ ಬೇರೆ ಗುಳಿಗಳಲ್ಲಿ, ಕ್ರಮ ಕಲಸಿ ಹಾಕಿ. ಯಾವ ಟ್ಯೂಬು ಯಾರದೆಂಬ ಸಂಕೇತ ಲ್ಯಾಬಿನವರ ಕೈಯಲ್ಲಿರದೆ ಬೇರೊಬ್ಬರ ಬಳಿ ಇರಲಿ. ಡಿಎನ್ಎ ತೆಗೆಯುವ ಕಿಟ್‌ನಲ್ಲೇ ಬ್ಯಾಕ್ಟೀರಿಯಾದ ಡಿಎನ್ಎ ಸೋಂಕಿರುವುದುಂಟು. ಮಾದರಿಯೇ ಹಾಕದ ಖಾಲಿ ಟ್ಯೂಬುಗಳನ್ನೂ ಪ್ರತಿ ಬ್ಯಾಚಿನಲ್ಲಿ ಕೊನೆಯವರೆಗೆ ಓಡಿಸಿ. ಖಾಲಿ ಟ್ಯೂಬಿನಲ್ಲಿ ಕಂಡ ಬ್ಯಾಕ್ಟೀರಿಯಾ ನಿಮ್ಮ ಫಲಿತಾಂಶದ ಪಟ್ಟಿಯಲ್ಲೂ ಇದ್ದರೆ ಅಲ್ಲೇ ನಿಲ್ಲಿಸಿ. ಯಾವ ಫಲ ಬಂದರೆ ವಿಚಾರ ಕೈಬಿಡುತ್ತೀರಿ ಎಂಬುದನ್ನು ಸಂಖ್ಯೆಯಲ್ಲಿ ಬರೆದು, ಮಾದರಿ ಮುಟ್ಟುವ ಮೊದಲೇ ದಿನಾಂಕ ಸಹಿತ ನೋಂದಾಯಿಸಿ.

ಮುಂದೆ ಚಿಕಿತ್ಸೆಯ ಹಂತಕ್ಕೆ ಬಂದಾಗ 20–20 ರೋಗಿಗಳ ಟ್ರಯಲ್‌ಗೆ ಕೈಹಾಕಿ ಹೆಸರು ಕೆಡಿಸಿಕೊಳ್ಳಬೇಡಿ. ಉಲ್ಬಣ 30%ರಿಂದ 20%ಕ್ಕೆ ಇಳಿಯುತ್ತದೆ ಎಂದು ತೋರಿಸಲು 80% ಪವರ್‌ನಲ್ಲಿ ಪ್ರತಿ ಗುಂಪಿಗೆ ಸುಮಾರು 290 ಜನ ಬೇಕು. ನೂರಕ್ಕೆ ಹತ್ತು ಜನ ನಡುವೆ ಬಿಡುತ್ತಾರೆಂದರೆ 320 ದಾಟುತ್ತದೆ. ಇಪ್ಪತ್ತರ ಗುಂಪಿನಲ್ಲಿ ಅದೇ ವ್ಯತ್ಯಾಸ 6 ಮತ್ತು 4. ಅದರಿಂದ ಏನೂ ಹೇಳಲಾಗದು. ಸುರಕ್ಷತೆಯಲ್ಲೂ ಅಷ್ಟೇ: 30 ಜನರಲ್ಲಿ ಒಬ್ಬರಿಗೂ ತೊಂದರೆಯಾಗದಿದ್ದರೂ ನಿಜವಾದ ಪ್ರಮಾಣ 10%ವರೆಗೂ ಇರಬಹುದು.

ನಿಮ್ಮ ವಾದವನ್ನು ಒಪ್ಪದ, ಆದರೆ ಕೆಲಸ ಬಲ್ಲ ಒಬ್ಬರನ್ನು ಸಹ ಸಂಶೋಧಕರಾಗಿ ಸೇರಿಸಿಕೊಳ್ಳಿ. ಅರ್ಜಿಗೆ ಇದಕ್ಕಿಂತ ದೊಡ್ಡ ಬಲವಿಲ್ಲ. ಪ್ರಾಥಮಿಕ ದತ್ತಾಂಶಕ್ಕೆ ಪಟ್ಟುಹಿಡಿಯದ ನಿಧಿಗಳೂ ಇವೆ, ಮಾರ್ಗದರ್ಶಕರ ಹೆಸರಿನಲ್ಲಿ ಹುಡುಕಿ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲಿ ಎಕ್ಸ್‌ಪ್ಲೋರರ್ ಅನುದಾನಗಳನ್ನು ಕೊಡತೊಡಗಿತು: ವಿಚಾರ ಹೊಸತೇ, ಮಾಡಲು ಸಾಧ್ಯವೇ ಎಂದಷ್ಟೇ ನೋಡಿ, ದಾಟಿದವುಗಳಲ್ಲಿ ಚೀಟಿ ಎತ್ತುವ ಕ್ರಮ. ಸರಾಸರಿಯ ಕತ್ತರಿಯಿಂದ ಹೊಸ ವಿಚಾರವನ್ನು ಉಳಿಸಲು ಇದಕ್ಕಿಂತ ಪ್ರಾಮಾಣಿಕ ಉಪಾಯ ನಮಗೆ ಕಂಡಿಲ್ಲ. ಇನ್ನಷ್ಟು ದೇಶಗಳು ಇದನ್ನು ತಮ್ಮದಾಗಿಸಿಕೊಳ್ಳಬೇಕು.

ಜೀವರಸಾಯನ ವಿಜ್ಞಾನಿ ಕಾಟಲಿನ್ ಕಾರಿಕೊ ಅವರ ದಾರಿಯನ್ನೂ ಗಮನಿಸಿ. ಎಂಆರ್‌ಎನ್ಎ ಎಂದರೆ ಪ್ರೋಟೀನ್ ತಯಾರಿಸಲು ಕೋಶಕ್ಕೆ ಸೂಚನೆ ಒಯ್ಯುವ ಅಣು. ಎಂಆರ್‌ಎನ್ಎಯನ್ನು ಔಷಧವಾಗಿಸುವ ಅವರ ಅರ್ಜಿಗಳಿಗೆ ಹಣ ಸಿಗಲಿಲ್ಲ, 1995ರಲ್ಲಿ ವಿಶ್ವವಿದ್ಯಾಲಯ ಹುದ್ದೆಯಲ್ಲಿ ಕೆಳಗಿಳಿಸಿತು. ಎಂಆರ್‌ಎನ್ಎ ಕೊಟ್ಟರೆ ದೇಹ ಉರಿಯೂತದಿಂದ ತಿರುಗಿಬೀಳುತ್ತದೆ ಎಂಬುದು ಗಟ್ಟಿಯಾದ ಆಕ್ಷೇಪವಾಗಿತ್ತು. ಅವರೂ ಡ್ರೂ ವೈಸ್‌ಮನ್ ಅವರೂ ಅದನ್ನೇ ಕೈಗೆತ್ತಿಕೊಂಡು, ಎಂಆರ್‌ಎನ್ಎಯ ಒಂದು ಘಟಕವಾದ ಯುರಿಡಿನ್ ಬದಲು ಸ್ಯೂಡೋಯುರಿಡಿನ್ ಹಾಕಿದರೆ ಉರಿಯೂತ ತಗ್ಗುತ್ತದೆ ಎಂದು 2005ರಲ್ಲಿ ತೋರಿಸಿದರು. ಇಬ್ಬರಿಗೂ 2023ರಲ್ಲಿ ನೊಬೆಲ್ ಬಂತು.

ಅಗ್ಗದ ಹಳೆಯ ಔಷಧಗಳು ಹೊಸ ರೋಗಕ್ಕೆ ಕೆಲಸ ಮಾಡಿದರೂ ಕಂಪನಿಗಳು ಅದನ್ನು ಮುಚ್ಚಿಹಾಕುತ್ತವೆ ಎನ್ನುತ್ತಾರಲ್ಲ?
— ಔಷಧ ಅಂಗಡಿ ನಡೆಸುವವರು

ಮುಚ್ಚಿಹಾಕುವ ಅಗತ್ಯವೇ ಬೀಳುವುದಿಲ್ಲ. ಪೇಟೆಂಟ್ ಮುಗಿದ ಔಷಧದ ಮೇಲೆ ದುಬಾರಿ ಟ್ರಯಲ್ ಮಾಡಿದರೆ ಲಾಭ ಎಲ್ಲ ತಯಾರಕರಿಗೂ ಹಂಚಿಹೋಗುತ್ತದೆ, ಖರ್ಚು ಮಾತ್ರ ಒಬ್ಬರ ಮೇಲೆ. ಹಾಗಾಗಿ ಯಾರೂ ಕೈಹಾಕುವುದಿಲ್ಲ.

ಸಾರ್ವಜನಿಕ ಹಣ ಬಂದರೆ ಏನಾಗುತ್ತದೆಂದು ಬ್ರಿಟನ್ನಿನ ರಿಕವರಿ ಟ್ರಯಲ್ ತೋರಿಸಿತು. ಕೋವಿಡ್‌ಗೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್, ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ವೈರಸ್ ಸೋಂಕಿಗೆ ಸ್ಟಿರಾಯ್ಡ್ ಕೊಡುವುದನ್ನು ಹಲವರು ಅಪಾಯವೆಂದೇ ಎಣಿಸಿದ್ದರು. ವೆಂಟಿಲೇಟರಿನಲ್ಲಿದ್ದವರಲ್ಲಿ 28 ದಿನಗಳೊಳಗಿನ ಸಾವು 41.4%ರಿಂದ 29.3%ಕ್ಕೆ ಇಳಿಯಿತು. ಆಮ್ಲಜನಕ ಬೇಕಾಗದವರಿಗೆ ಪ್ರಯೋಜನ ಕಾಣಲಿಲ್ಲ. 2020ರ ಜೂನ್ 16ರಂದು ಫಲಿತಾಂಶ ಪ್ರಕಟವಾಯಿತು, ಬ್ರಿಟನ್ನಿನ ಆಸ್ಪತ್ರೆಗಳು ಆಗಲೇ ಬಳಸತೊಡಗಿದವು. ಅಷ್ಟೇ ಅಗ್ಗದ, ಅಷ್ಟೇ ಹಳೆಯ ಹೈಡ್ರಾಕ್ಸಿಕ್ಲೋರೋಕ್ವಿನ್ ಅದೇ ಟ್ರಯಲ್‌ನಲ್ಲಿ ಸೋತಿತು: ಔಷಧ ಪಡೆದವರಲ್ಲಿ ಸಾವು 27%, ಪಡೆಯದವರಲ್ಲಿ 25%. ಒಂದೇ ಪರೀಕ್ಷೆ, ಎರಡು ತೀರ್ಪು.

ನಮ್ಮ ತಂದೆಯವರಿಗೆ ಕ್ಯಾನ್ಸರ್. ಒಬ್ಬರು ತಮ್ಮದೇ ಹೊಸ ಚಿಕಿತ್ಸೆ ಇದೆ, ವೈದ್ಯಲೋಕ ತಮ್ಮನ್ನು ತುಳಿಯುತ್ತಿದೆ, ಮಾರ್ಷಲ್ ಅವರನ್ನೂ ಹೀಗೆಯೇ ಮಾಡಿದ್ದರು ಎನ್ನುತ್ತಾರೆ. ನಂಬಬಹುದೇ?
— ಓದುಗರೊಬ್ಬರು

ವಿರೋಧ ಎದುರಿಸಿದ್ದೇ ವಿಚಾರ ಸರಿಯೆಂಬುದಕ್ಕೆ ಸಾಕ್ಷಿಯಾಗದು. ವಿರೋಧ ಎದುರಿಸಿ ತಪ್ಪೆಂದು ಸಾಬೀತಾದವರ ಹೆಸರು ನಮಗೆ ನೆನಪಿರುವುದಿಲ್ಲ, ಅಷ್ಟೆ. ಹೇಳುವವರು ಎಷ್ಟು ದೊಡ್ಡವರೆಂಬುದೂ ಸಾಕಾಗದು. ಎರಡು ನೊಬೆಲ್ ಪಡೆದ ಲೈನಸ್ ಪೌಲಿಂಗ್ ಮತ್ತು ಯೂವನ್ ಕ್ಯಾಮರಾನ್ 1976ರಲ್ಲಿ, ದಿನಕ್ಕೆ 10 ಗ್ರಾಂ ವಿಟಮಿನ್ ಸಿ ಪಡೆದ 100 ಕ್ಯಾನ್ಸರ್ ರೋಗಿಗಳು ಹಳೆಯ ಕಡತಗಳ 1,000 ರೋಗಿಗಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಕಾಲ ಬದುಕಿದರು ಎಂದರು. ಕಡತದವರೂ ಹೊಸಬರೂ ರೋಗದ ಒಂದೇ ಹಂತದಲ್ಲಿದ್ದರು ಎನ್ನಲು ಆಧಾರ ಸಾಲದಾಗಿತ್ತು. ಮೇಯೊ ಕ್ಲಿನಿಕ್ ಪ್ಲಸೀಬೊ ಇಟ್ಟು 1979 ಮತ್ತು 1985ರಲ್ಲಿ ಪ್ರಕಟಿಸಿದ ಎರಡು ಟ್ರಯಲ್‌ಗಳಲ್ಲಿ ಬಾಯಿಂದ ಕೊಟ್ಟ ವಿಟಮಿನ್ ಸಿಯಿಂದ ಪ್ರಯೋಜನ ಕಾಣಲಿಲ್ಲ.

ಅವರನ್ನು ಕೂರಿಸಿ ಕೇಳಿ: ಈ ಟ್ರಯಲ್‌ನ ನೋಂದಣಿ ಸಂಖ್ಯೆ ಏನು? ಯಾವ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆ? ಹೋಲಿಕೆಗೆ ಇನ್ನೊಂದು ಗುಂಪಿದೆಯೇ? ಚಿಕಿತ್ಸೆ ಪಡೆದ ಎಲ್ಲರ ಲೆಕ್ಕ ಕೊಡುತ್ತೀರಾ, ಗುಣವಾದವರದ್ದು ಮಾತ್ರವೇ? ಎಂಥ ಫಲ ಬಂದರೆ ನಿಮ್ಮ ವಿಚಾರ ತಪ್ಪೆಂದು ಒಪ್ಪುತ್ತೀರಿ? ಕೊನೆಯ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಬರದಿದ್ದರೆ ಎದ್ದು ಬನ್ನಿ. ಸಾಬೀತಾಗದ ಚಿಕಿತ್ಸೆಗೆ ರೋಗಿಯಿಂದಲೇ ಹಣ ಕೇಳಿದರೂ ಎದ್ದು ಬನ್ನಿ. ಮಾರ್ಷಲ್ ಮತ್ತು ವಾರೆನ್ ತಮ್ಮ ದತ್ತಾಂಶವನ್ನು ಎಲ್ಲರ ಮುಂದಿಟ್ಟಿದ್ದರು, ಬೇರೆ ದೇಶದವರು ಅದನ್ನು ತಾವೇ ಮಾಡಿ ನೋಡಿದರು.

ಈಗ ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬೇಡಿ. ತಂದೆಯವರು ಈಗಾಗಲೇ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದರ ಬಾಟಲಿ, ಪೊಟ್ಟಣ ಸಮೇತ ಕ್ಯಾನ್ಸರ್ ವೈದ್ಯರಿಗೆ ತೋರಿಸಿ. ಕೆಲವು ಗಿಡಮೂಲಿಕೆಗಳು ಯಕೃತ್ತಿನಲ್ಲಿ ಕೀಮೋ ಔಷಧ ಕರಗುವ ವೇಗವನ್ನೇ ಬದಲಿಸಿ ಅದನ್ನು ವಿಷವಾಗಿಸಬಹುದು ಇಲ್ಲವೇ ನಿಷ್ಫಲಗೊಳಿಸಬಹುದು. ಹೊಸ ಚಿಕಿತ್ಸೆ ಬೇಕೇಬೇಕೆಂದಿದ್ದರೆ, ತಂದೆಯವರ ಕ್ಯಾನ್ಸರಿನ ಬಗೆ ಮತ್ತು ಹಂತಕ್ಕೆ ಹೊಂದುವ ನೋಂದಾಯಿತ ಟ್ರಯಲ್ ಯಾವುದಿದೆ ಎಂದು ಅದೇ ವೈದ್ಯರನ್ನು ಕೇಳಿ.